ಬೈಕಾಯ್ಡ್ ಮುಂಭಾಗದಲ್ಲೆಲ್ಲ ಇದ್ದರೂ ಈವ್ ಜೀನ್‌ನ ಎರಡನೇ ಪಟ್ಟೆ ಅಷ್ಟು ಕಿರಿದಾಗಿ ಬರುವುದು ಹೇಗೆ?

ಅರೆಬೆಂದ_ಜೀವಶಾಸ್ತ್ರಿ

ಹಣ್ಣಿನ ನೊಣದ ಭ್ರೂಣದ ಬಗ್ಗೆ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿರುವವರು ಬಿಡಿಸಿ ಹೇಳಿ.

ನನಗೆ ಅರ್ಥವಾಗಿರುವುದು ಇಷ್ಟು. ತಾಯಿ ನೊಣ ಮೊಟ್ಟೆಯ ಮುಂದಿನ ತುದಿಯಲ್ಲಿ ಬೈಕಾಯ್ಡ್ ಎಂಬ ಜೀನ್‌ನ ಎಮ್‌ಆರ್‌ಎನ್‌ಎ ಇಟ್ಟಿರುತ್ತದೆ. ಮೊಟ್ಟೆ ಹೊರಬಂದ ಮೇಲೆ ಅದರಿಂದ ಪ್ರೋಟೀನ್ ತಯಾರಾಗಿ ಹಿಂದಕ್ಕೆ ಹರಡುತ್ತದೆ. ಆ ಹೊತ್ತಿಗೆ ನ್ಯೂಕ್ಲಿಯಸ್‌ಗಳ ನಡುವೆ ಗೋಡೆ ಇರುವುದಿಲ್ಲ, ಎಲ್ಲವೂ ಒಂದೇ ಸೈಟೋಪ್ಲಾಸಂನಲ್ಲಿ ಇರುತ್ತವೆ, ಹಾಗಾಗಿ ಹರಡಲು ಅಡ್ಡಿಯಿಲ್ಲ. ಮುಂದೆ ಜಾಸ್ತಿ, ಹಿಂದೆ ಹೋದಂತೆ ಕಡಿಮೆ. ಬೈಕಾಯ್ಡ್ ಸಾಕಷ್ಟು ಇರುವ ಕಡೆ ಹಂಚ್‌ಬ್ಯಾಕ್ ಜೀನ್ ಆನ್ ಆಗುತ್ತದೆ, ಅಂದರೆ ಹೆಚ್ಚುಕಡಿಮೆ ಮುಂದಿನ ಅರ್ಧದಲ್ಲಿ. ಇಲ್ಲಿಯವರೆಗೆ ಸರಿ.

ಆಮೇಲೆ ಈವನ್-ಸ್ಕಿಪ್ಡ್ ಬರುತ್ತದೆ (ಇನ್ನು ಮುಂದೆ ಸುಮ್ನೆ ಈವ್ ಅನ್ನುತ್ತೇನೆ). ಭ್ರೂಣದ ಅಡ್ಡಕ್ಕೆ ಏಳು ಪಟ್ಟೆಗಳಲ್ಲಿ ಅದು ಆನ್ ಆಗುತ್ತದೆ. ಎರಡನೇ ಪಟ್ಟೆಯನ್ನು ಆನ್ ಮಾಡುವುದು ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಅಂತ ಎಲ್ಲ ಕಡೆ ಬರೆದಿದೆ. ಆದರೆ ಎರಡನೇ ಪಟ್ಟೆಗಿಂತ ಮುಂದೆ ಹೋದರೆ ಬೈಕಾಯ್ಡ್ ಇನ್ನೂ ಜಾಸ್ತಿ ಇರುತ್ತದೆ ಅಲ್ವಾ? ಹಾಗಿದ್ದರೆ ಪಟ್ಟೆ ಅಲ್ಲಿಂದ ತಲೆಯ ತುದಿಯವರೆಗೆ ಹಬ್ಬಬೇಕಿತ್ತು. ಯಾಕೆ ಹಬ್ಬುವುದಿಲ್ಲ?

ಇದಕ್ಕೆ ಅಂಟಿಕೊಂಡೇ ಇನ್ನೆರಡು ಪ್ರಶ್ನೆ. ಕ್ರೂಪೆಲ್ ಎಂಬ ಪ್ರೋಟೀನ್ ಎರಡನೇ ಪಟ್ಟೆಯ ಹಿಂದಿನ ಅಂಚಿನಲ್ಲಿ ಈವ್ ಅನ್ನು ತಡೆಯುತ್ತದೆ ಅಂತಾರೆ. ಆದರೆ ಮೂರನೇ ಪಟ್ಟೆ ಇರುವ ಜಾಗದಲ್ಲೂ ಕ್ರೂಪೆಲ್ ತುಂಬಿಕೊಂಡಿದೆ! ಅದೇ ಜೀನ್, ಅದೇ ತಡೆಯುವ ಪ್ರೋಟೀನ್, ಒಂದು ಕಡೆ ಆಫ್, ಪಕ್ಕದಲ್ಲೇ ಆನ್. ಇದು ಹೇಗೆ? ಮತ್ತೆ, ಏಳು ಒಂದೇ ತರಹದ ಪಟ್ಟೆ ಬೇಕಾದರೆ ಅಲೆ ಅಲೆಯಾಗಿ ಬರುವ ಒಂದೇ ವ್ಯವಸ್ಥೆ ಸಾಕಲ್ಲ, ಪಟ್ಟೆಗೊಂದು ಸ್ವಿಚ್ ಇಟ್ಟುಕೊಂಡು ನೊಣ ಯಾಕೆ ಒದ್ದಾಡುತ್ತದೆ?

---

ಪಟ್ಟೆ_ಎಣಿಕೆ

ಮೊದಲ ಪ್ರಶ್ನೆಗೆ ಉತ್ತರ: ಬೈಕಾಯ್ಡ್ ಪಟ್ಟೆ ಬರೆಯುವುದಿಲ್ಲ. ಇಷ್ಟು ಜಾಗದಲ್ಲಿ ಈವ್ ಆನ್ ಆಗಬಹುದು ಅಂತ ಅನುಮತಿ ಕೊಡುತ್ತದೆ, ಅಷ್ಟೇ. ಅಂಚು ಕತ್ತರಿಸುವವರು ಬೇರೆ.

ಜೀನ್ ಶುರುವಾಗುವ ಜಾಗದಿಂದ ಸಾವಿರಕ್ಕೂ ಹೆಚ್ಚು ಬೇಸ್ ಜೋಡಿ (ಡಿಎನ್‌ಎಯ ಅಕ್ಷರಗಳು) ಮೇಲಕ್ಕೆ, ಅಂದರೆ ಜೀನ್‌ಗಿಂತ ಮೊದಲು ಬರುವ ಡಿಎನ್‌ಎಯಲ್ಲಿ, ಎರಡನೇ ಪಟ್ಟೆಯ ಎನ್‌ಹ್ಯಾನ್ಸರ್ ಇದೆ. ಎನ್‌ಹ್ಯಾನ್ಸರ್ ಅಂದರೆ ಪ್ರೋಟೀನ್‌ಗಳು ಬಂದು ಕೂತು ಜೀನನ್ನು ಆನ್-ಆಫ್ ಮಾಡುವ ಡಿಎನ್‌ಎ ತುಂಡು. ಉದ್ದ ಸುಮಾರು 480 ಬೇಸ್ ಜೋಡಿ. ಆ ಪುಟ್ಟ ತುಂಡಿನಲ್ಲಿ ಮೊದಲು ಗುರುತಿಸಿದ್ದು 12 ಜಾಗ. ಬೈಕಾಯ್ಡ್ ಕೂರಲು 5, ಹಂಚ್‌ಬ್ಯಾಕ್‌ಗೆ 1, ಕ್ರೂಪೆಲ್‌ಗೆ 3, ಜೈಂಟ್ ಎಂಬ ಇನ್ನೊಂದು ಪ್ರೋಟೀನ್‌ಗೆ 3. ಮೊದಲ ಎರಡು ಆನ್ ಮಾಡುವವು, ಕೊನೆಯ ಎರಡು ತಡೆಯುವವು. ಈಗ ಭ್ರೂಣದಲ್ಲಿ ಇವು ಎಲ್ಲೆಲ್ಲಿವೆ ನೋಡಿ. ಎರಡನೇ ಪಟ್ಟೆಯ ಮುಂದುಗಡೆ ಜೈಂಟ್ ಇದೆ, ಹಿಂದುಗಡೆ ಕ್ರೂಪೆಲ್. ನಡುವೆ ಇಬ್ಬರೂ ಕಡಿಮೆ ಇರುವ ಒಂದು ಸಣ್ಣ ಸಂದು ಉಳಿಯುತ್ತದೆ. ಬೈಕಾಯ್ಡ್, ಹಂಚ್‌ಬ್ಯಾಕ್ ಎರಡೂ ಇದ್ದು ತಡೆಯುವವರು ಇಲ್ಲದ ಜಾಗ ಅದೊಂದೇ. ಪಟ್ಟೆ ಬರುವುದು ಅಲ್ಲೇ.

ಇದು ಬರೀ ಕಥೆಯಲ್ಲ. 1991-92ರಲ್ಲಿ ಸ್ಟೀಫನ್ ಸ್ಮಾಲ್, ಮೈಕ್ ಲೆವಿನ್ ಮತ್ತು ಸಂಗಡಿಗರು ಈ ತುಂಡನ್ನು ಬೇರೆ ಮಾಡಿ, ಅದರ ಮುಂದೆ ಬಣ್ಣ ಕೊಡುವ ಲ್ಯಾಕ್-ಝಡ್ ಜೀನ್ ಜೋಡಿಸಿ, ಒಂದೊಂದೇ ಜಾಗವನ್ನು ಕೆಡಿಸಿ ನೋಡಿದರು. ಜೈಂಟ್ ಕೂರುವ ಜಾಗಗಳನ್ನು ಕೆಡಿಸಿದರೆ ಪಟ್ಟೆ ಮುಂದಕ್ಕೆ ಚಾಚುತ್ತದೆ. ಬೈಕಾಯ್ಡ್ ಜಾಗ ಕೆಡಿಸಿದರೆ ಪಟ್ಟೆಯೇ ಮಂಕಾಗುತ್ತದೆ. ಕ್ರೂಪೆಲ್ ಇಲ್ಲದ ಭ್ರೂಣದಲ್ಲಿ ಹಿಂದಿನ ಅಂಚು ಹಿಂದಕ್ಕೆ ಸರಿಯುತ್ತದೆ.

ಒಂದು ವಿಷಯ ಗಮನಿಸಿ: ಜೈಂಟ್ ತೆಗೆದರೂ ಪಟ್ಟೆ ತಲೆಯ ತುದಿಯವರೆಗೆ ಹೋಗುವುದಿಲ್ಲ. ಅಲ್ಲಿ ಸ್ಲಾಪಿ-ಪೇರ್ಡ್ ಎಂಬ ಇನ್ನೊಂದು ತಡೆಯುವ ಪ್ರೋಟೀನ್ ಕೂಡ ಕೆಲಸ ಮಾಡುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ನಾಲ್ಕು ಪ್ರೋಟೀನ್ ತೋರಿಸಿ ಮುಗಿಸುತ್ತಾರೆ, ಆದರೆ ಸೇರಿರುವವರು ಅದಕ್ಕಿಂತ ಜಾಸ್ತಿ.

---

ಕ್ನಿರ್ಪ್ಸ್_ಅಭಿಮಾನಿ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಎರಡನೇ ಪ್ರಶ್ನೆ ಎಲ್ಲಕ್ಕಿಂತ ಚೆನ್ನಾಗಿದೆ, ಅದನ್ನು ಹಾಗೇ ಬಿಡುವುದು ಬೇಡ.

ಕ್ರೂಪೆಲ್, ಕ್ನಿರ್ಪ್ಸ್, ಜೈಂಟ್, ಸ್ನೇಲ್ ಇವೆಲ್ಲ ಹತ್ತಿರದಿಂದ ಮಾತ್ರ ತಡೆಯುವವು. ಡಿಎನ್‌ಎ ಮೇಲೆ ತಾವು ಕೂತ ಜಾಗದಿಂದ ಸುಮಾರು 100 ಬೇಸ್ ಜೋಡಿಯ ಆಸುಪಾಸಿನಲ್ಲಿ ಇರುವ ಆಕ್ಟಿವೇಟರ್‌ಗಳ (ಆನ್ ಮಾಡುವ ಪ್ರೋಟೀನ್‌ಗಳ) ಬಾಯಿ ಮುಚ್ಚಿಸುತ್ತವೆ. ಅದರಾಚೆ ಇವುಗಳ ಮಾತು ನಡೆಯುವುದಿಲ್ಲ. 1990ರ ದಶಕದಲ್ಲಿ ಲೆವಿನ್ ಪ್ರಯೋಗಾಲಯದವರು ತಡೆಯುವ ಪ್ರೋಟೀನ್ ಕೂರುವ ಜಾಗವನ್ನು ಆಕ್ಟಿವೇಟರ್‌ನಿಂದ ಹತ್ತಿರ, ದೂರ, ಇನ್ನೂ ದೂರ ಇಟ್ಟು ನೋಡಿ ಇದನ್ನು ತೋರಿಸಿದರು. ಈ ಕೆಲಸಕ್ಕೆ ಇವುಗಳಲ್ಲಿ ಹಲವು ಸಿಟಿಬಿಪಿ ಎಂಬ ಸಹಾಯಕ ಪ್ರೋಟೀನನ್ನು ಕರೆದುಕೊಳ್ಳುತ್ತವೆ.

ಹೇರಿ ಎಂಬ ಪ್ರೋಟೀನ್ ಹಾಗಲ್ಲ. ಅದು ಗ್ರೌಚೋ ಎಂಬ ಸಹಾಯಕನನ್ನು ಕರೆಯುತ್ತದೆ, ದೂರದಿಂದಲೂ ಇಡೀ ಜೀನನ್ನೇ ಮುಚ್ಚಬಲ್ಲದು. ಒಂದು ಕೋಣೆಯ ದೀಪ ಆರಿಸುವುದಕ್ಕೂ ಮನೆಯ ಮೇನ್ ಸ್ವಿಚ್ ಇಳಿಸುವುದಕ್ಕೂ ಇರುವ ವ್ಯತ್ಯಾಸ ಅದು.

ಈಗ ಮೂರನೇ ಪಟ್ಟೆಗೆ ಬನ್ನಿ. ಮೂರು ಮತ್ತು ಏಳನೇ ಪಟ್ಟೆಗಳಿಗೆ ಸೇರಿ ಒಂದು ಎನ್‌ಹ್ಯಾನ್ಸರ್ ಇದೆ. ಅದು ಎರಡನೇ ಪಟ್ಟೆಯ ಎನ್‌ಹ್ಯಾನ್ಸರ್‌ಗಿಂತ ಇನ್ನೂ ಮೇಲೆ, ನಡುವೆ ಸುಮಾರು 1,700 ಬೇಸ್ ಜೋಡಿ ಅಂತರ. ಮೂರನೇ ಪಟ್ಟೆಯ ಜಾಗದ ನ್ಯೂಕ್ಲಿಯಸ್ ಒಳಗೆ ಕ್ರೂಪೆಲ್ ಹೋಗಿ ಎರಡನೇ ಪಟ್ಟೆಯ ತುಂಡಿನ ಮೇಲೆ ಕೂತು ಅದನ್ನು ಮುಚ್ಚುತ್ತದೆ, ನಿಜ. ಆದರೆ ಆ ತಡೆ 1,700 ಬೇಸ್ ದಾಟಿ ಮೇಲಿನ ತುಂಡಿಗೆ ತಲುಪುವುದೇ ಇಲ್ಲ. ಹಾಗಾಗಿ ಅದೇ ನ್ಯೂಕ್ಲಿಯಸ್‌ನಲ್ಲಿ ಒಂದು ಎನ್‌ಹ್ಯಾನ್ಸರ್ ಸತ್ತಂತಿದ್ದರೂ ಇನ್ನೊಂದು ಆರಾಮಾಗಿ ಜೀನ್ ಓಡಿಸುತ್ತದೆ.

1993ರಲ್ಲಿ ಇದನ್ನೂ ಪರೀಕ್ಷಿಸಿದರು. ನಡುವಿನ ಅಂತರ ತೆಗೆದು ಎರಡೂ ಎನ್‌ಹ್ಯಾನ್ಸರ್‌ಗಳನ್ನು ಒಂದಕ್ಕೊಂದು ಅಂಟಿಸಿದರೆ ಪಟ್ಟೆಗಳು ಕೆಡುತ್ತವೆ. ನಡುವೆ ಒಂದು ಸಣ್ಣ ತುಂಡು ತುರುಕಿದರೆ ಮತ್ತೆ ಸರಿಹೋಗುತ್ತವೆ. ಅಂದರೆ ಏನೂ ಬರೆದಿಲ್ಲ ಅಂದುಕೊಂಡ ಖಾಲಿ ಡಿಎನ್‌ಎ ಕೂಡ ದೂರ ಕಾಯುವ ಕೆಲಸ ಮಾಡುತ್ತಿದೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಪ್ರಯೋಗ ಇದು, ಯಾಕೋ ಇದನ್ನು ಯಾರೂ ಪಾಠದಲ್ಲಿ ಹೇಳುವುದೇ ಇಲ್ಲ.

ಇನ್ನೊಂದು ಸೊಗಸು ಇದೆ. ಮೂರು-ಏಳರ ಎನ್‌ಹ್ಯಾನ್ಸರ್, ನಾಲ್ಕು-ಆರರ ಎನ್‌ಹ್ಯಾನ್ಸರ್, ಎರಡರ ಅಂಚನ್ನೂ ಕತ್ತರಿಸುವವರು ಅದೇ ಇಬ್ಬರು: ಹಂಚ್‌ಬ್ಯಾಕ್ ಮತ್ತು ಕ್ನಿರ್ಪ್ಸ್. ಹೌದು, ಎರಡನೇ ಪಟ್ಟೆಯಲ್ಲಿ ಆನ್ ಮಾಡಿದ ಅದೇ ಹಂಚ್‌ಬ್ಯಾಕ್ ಇಲ್ಲಿ ತಡೆಯುತ್ತದೆ. ಕ್ನಿರ್ಪ್ಸ್ ನಾಲ್ಕಕ್ಕೂ ಆರಕ್ಕೂ ನಡುವೆ ಜಾಸ್ತಿ ಇದೆ, ಎರಡು ಕಡೆಗೂ ಹೋದಂತೆ ತೆಳುವಾಗುತ್ತದೆ. ಮೂರು-ಏಳರ ಎನ್‌ಹ್ಯಾನ್ಸರ್ ಸ್ವಲ್ಪ ಕ್ನಿರ್ಪ್ಸ್ ಸೋಕಿದರೂ ಆಫ್ ಆಗುತ್ತದೆ, ಆದ್ದರಿಂದ ದೂರದಲ್ಲೇ ನಿಲ್ಲುತ್ತದೆ. ನಾಲ್ಕು-ಆರರದ್ದು ಜಾಸ್ತಿ ಕ್ನಿರ್ಪ್ಸ್ ಇದ್ದರೂ ತಡೆದುಕೊಳ್ಳುತ್ತದೆ, ಹತ್ತಿರ ಬರುತ್ತದೆ. ಹಂಚ್‌ಬ್ಯಾಕ್ ವಿಷಯದಲ್ಲಿ ಇದು ತಿರುಗುಮುರುಗು. ಇಬ್ಬರೇ ತಡೆಯುವವರು, ಬೇರೆ ಬೇರೆ ಸೂಕ್ಷ್ಮತೆ, ನಾಲ್ಕು ಪಟ್ಟೆ.

---

ಬೇಸರದ_ಭ್ರೂಣ

ಒಂದು ನೊಣಕ್ಕೆ ಇಷ್ಟೆಲ್ಲ ಬೇಕಾ ಮಾರಾಯ್ರೆ.

---

ಪಟ್ಟೆ_ಎಣಿಕೆ

ಬೇಕು! ಇದೇ ಜೀನ್‌ಗಳನ್ನು ಹುಡುಕಿದ್ದಕ್ಕೆ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್‌ಗೆ, ದೇಹದ ಯಾವ ಭಾಗ ಏನಾಗಬೇಕು ಅಂತ ಹೇಳುವ ಹಾಕ್ಸ್ ಜೀನ್‌ಗಳ ಕೆಲಸಕ್ಕೆ ಎಡ್ ಲೂಯಿಸ್‌ಗೆ 1995ರಲ್ಲಿ ನೊಬೆಲ್ ಬಂತು. ನಿಮ್ಮ ಬೆನ್ನುಮೂಳೆ ಯಾವ ಕ್ರಮದಲ್ಲಿ ಜೋಡಣೆಯಾಗಬೇಕು ಅಂತ ನೋಡಿಕೊಳ್ಳುವ ಹಾಕ್ಸ್ ಜೀನ್‌ಗಳೂ ಮೊದಲು ಸಿಕ್ಕಿದ್ದು ನೊಣದಲ್ಲೇ.

---

ಮೈಕ್ರೋಸ್ಕೋಪ್_ಮುಂದೆ

ನಾನು ನೊಣದ ಭ್ರೂಣಗಳ ಜೊತೆಗೇ ಕೆಲಸ ಮಾಡುವುದು, ಹಾಗಾಗಿ ಕಣ್ಣಿಗೆ ಕಾಣುವ ಸಂಗತಿ ಎರಡು ಸೇರಿಸುತ್ತೇನೆ. ಪಠ್ಯದ ಚಿತ್ರ ನೋಡಿದರೆ ಪಟ್ಟೆಗಳು ಯಾರೋ ಸ್ಕೇಲ್ ಇಟ್ಟು ಗೆರೆ ಎಳೆದಂತೆ ಒಮ್ಮೆಲೆ ಬಂದವು ಅನ್ನಿಸುತ್ತದೆ. ಹಾಗಲ್ಲ.

ಬ್ಲೀಚ್‌ನಲ್ಲಿ ಹೊರ ಸಿಪ್ಪೆ ಕಳೆದು ಎಣ್ಣೆಯಲ್ಲಿಟ್ಟು ನೋಡಿದರೆ ಅರ್ಧ ಮಿಲಿಮೀಟರ್ ಉದ್ದದ ಭ್ರೂಣದ ನಡುವೆ ಹಳದಿ ಭಾಗ ಕಪ್ಪಾಗಿ ಕಾಣುತ್ತದೆ, ಅಂಚಿನಲ್ಲಿ ಒಂದು ತಿಳಿಯಾದ ಪದರ. ನ್ಯೂಕ್ಲಿಯಸ್‌ಗಳು ಹದಿಮೂರು ಸಲ ಒಟ್ಟೊಟ್ಟಿಗೆ ಒಡೆದು ಮೇಲ್ಮೈಗೆ ಬಂದಿರುತ್ತವೆ, ಸುಮಾರು 6,000. ಆಮೇಲೆ ಹದಿನಾಲ್ಕನೇ ಸುತ್ತು ಶುರು. ಹೆಚ್ಚುಕಡಿಮೆ ಒಂದು ಗಂಟೆ ಯಾರೂ ಒಡೆಯುವುದಿಲ್ಲ, ಹೊರಗಿನಿಂದ ಪೊರೆ ಒಳಕ್ಕೆ ಇಳಿಯುತ್ತಾ ಒಂದೊಂದು ನ್ಯೂಕ್ಲಿಯಸ್ ಸುತ್ತ ಗೋಡೆ ಕಟ್ಟುತ್ತದೆ. ಪಟ್ಟೆಗಳ ಆಟವೆಲ್ಲ ಮುಖ್ಯವಾಗಿ ಈ ಗಂಟೆಯಲ್ಲೇ. ಈವ್ ಬಣ್ಣ ಹಾಕಿದ ಭ್ರೂಣಗಳನ್ನು ವಯಸ್ಸಿನ ಪ್ರಕಾರ ಸಾಲಾಗಿಟ್ಟರೆ, ಮೊದಲು ಎಲ್ಲೆಡೆ ತೆಳ್ಳಗೆ ಹರಡಿದ ಬಣ್ಣ, ಆಮೇಲೆ ಮಬ್ಬಾದ ಅಗಲ ಪಟ್ಟೆಗಳು, ಗೋಡೆ ಪೂರ್ತಿಯಾಗುವ ಹೊತ್ತಿಗೆ ಮೂರು-ನಾಲ್ಕು ಕೋಶ ಅಗಲದ ಚೊಕ್ಕ ಗೆರೆಗಳು. ಎಲ್ಲ ಪಟ್ಟೆಗಳೂ ಒಟ್ಟಿಗೆ ಬರುವುದಿಲ್ಲ ಕೂಡ.

ಜೊತೆಗೆ ಜಾಗವೂ ಸರಿಯುತ್ತಿರುತ್ತದೆ. ಹಿಂದಿನ ಅರ್ಧದ ಕ್ರೂಪೆಲ್, ಕ್ನಿರ್ಪ್ಸ್, ಜೈಂಟ್ ವಲಯಗಳು ಈ ಒಂದು ಗಂಟೆಯಲ್ಲಿ ಮುಂದಕ್ಕೆ ಜರುಗುತ್ತವೆ. ಕೋಶಗಳು ನಡೆಯುವುದಿಲ್ಲ, ಜೀನ್‌ಗಳು ಒಂದನ್ನೊಂದು ತಡೆಯುವುದರಿಂದ ಗಡಿ ಸರಿಯುತ್ತದೆ. ಜೈಂಟ್‌ಗೆ ಕ್ರೂಪೆಲ್ ಕಂಡರೆ ಆಗದು, ಕ್ರೂಪೆಲ್‌ಗೆ ಜೈಂಟ್ ಆಗದು. ಹಂಚ್‌ಬ್ಯಾಕ್, ಕ್ನಿರ್ಪ್ಸ್ ಕೂಡ ಹಾಗೇ. ಈ ಜಗಳದಿಂದಲೇ ಮಬ್ಬು ಗಡಿಗಳು ಹರಿತವಾಗುವುದು. ಬೈಕಾಯ್ಡ್ ಮಟ್ಟ ಇಷ್ಟಾದರೆ ಇದು, ಅಷ್ಟಾದರೆ ಅದು ಅಂತ ಅಳತೆಪಟ್ಟಿ ಓದಿದಂತೆ ಹೇಳುವ ವಿವರಣೆ ನನಗೆ ಅಷ್ಟು ಒಪ್ಪಿಗೆಯಿಲ್ಲ.

ಕಾರಣ ಹೇಳುತ್ತೇನೆ. ಬೈಕಾಯ್ಡ್ ಜೀನ್‌ನ ಪ್ರತಿಗಳನ್ನು ತಾಯಿಯಲ್ಲಿ ಎರಡರಿಂದ ನಾಲ್ಕಕ್ಕೆ, ಆರಕ್ಕೆ ಏರಿಸಿದರೆ ತಲೆಯ ಹಿಂದೆ ಬರುವ ಮಡಿಕೆ ಹಿಂದಕ್ಕೆ ಸರಿಯುತ್ತದೆ. 1988ರಲ್ಲಿ ವೋಲ್ಫ್‌ಗಾಂಗ್ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್‌ಹಾರ್ಡ್ ತೋರಿಸಿದ್ದು ಇದನ್ನೇ, ಪ್ರೋಟೀನ್ ಪ್ರಮಾಣವೇ ಜಾಗ ತೀರ್ಮಾನಿಸುತ್ತದೆ ಅನ್ನಲು ದೊಡ್ಡ ಸಾಕ್ಷಿ. ಸರಿಯೇ. ಆದರೆ ಬರೀ ಬೈಕಾಯ್ಡ್ ಮಟ್ಟವನ್ನೇ ನೋಡಿ ಲೆಕ್ಕ ಹಾಕಿದರೆ ಎಷ್ಟು ಸರಿಯಬೇಕಿತ್ತೋ ಅಷ್ಟು ಸರಿಯುವುದಿಲ್ಲ, ಮತ್ತೆ ಆ ಭ್ರೂಣಗಳಲ್ಲಿ ಬಹಳಷ್ಟು ಬದುಕಿ ನೊಣವೂ ಆಗುತ್ತವೆ! ಜಾಸ್ತಿಯಾದ ಜಾಗದ ಕೋಶಗಳು ಆಮೇಲೆ ಸತ್ತು ಕಡಿಮೆಯಾಗುತ್ತವೆ. ಅಂದರೆ ಬೈಕಾಯ್ಡ್ ಕೊಟ್ಟ ಅಳತೆಯನ್ನು ಆಮೇಲಿನ ಹಂತಗಳು ತಿದ್ದಿಕೊಳ್ಳುತ್ತವೆ.

ಇನ್ನೊಂದು ಹೆಸರು ಯಾರೂ ಹೇಳಲಿಲ್ಲ: ಝೆಲ್ಡಾ. ಇದು ಬೈಕಾಯ್ಡ್‌ಗಿಂತ ಮೊದಲೇ ಹೋಗಿ ಎನ್‌ಹ್ಯಾನ್ಸರ್ ತುಂಡುಗಳನ್ನು ತೆರೆದಿಡುವ ಪ್ರೋಟೀನ್. ಭ್ರೂಣದಲ್ಲಿ ಎಲ್ಲೆಡೆಯೂ ಇರುತ್ತದೆ, ಹಾಗಾಗಿ ಎಲ್ಲಿ ಅಂತ ಹೇಳುವುದಿಲ್ಲ, ಯಾವಾಗ ಅಂತ ಹೇಳುತ್ತದೆ. ಇದಿಲ್ಲದಿದ್ದರೆ ಭ್ರೂಣದ ಸ್ವಂತ ಜೀನ್‌ಗಳು ಎಚ್ಚರವಾಗುವುದೇ ಕಷ್ಟ.

---

ಅರೆಬೆಂದ_ಜೀವಶಾಸ್ತ್ರಿ

ಎಲ್ಲರಿಗೂ ಥ್ಯಾಂಕ್ಸ್. ಹತ್ತಿರದಿಂದ ಮಾತ್ರ ತಡೆಯುವುದು ಅನ್ನುವ ವಿಷಯ ನನ್ನ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ, ಅದಿಲ್ಲದೆ ಉಳಿದದ್ದು ಹೇಗೆ ಅರ್ಥವಾಗಬೇಕು ಅಂತಲೇ ಗೊತ್ತಾಗುತ್ತಿಲ್ಲ.

ಪಟ್ಟೆಗೊಂದು ಸ್ವಿಚ್ ಯಾಕೆ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಮತ್ತೆ ಈಗ ಹೊಸದೊಂದು ಹುಟ್ಟಿತು. ಹಂಚ್‌ಬ್ಯಾಕ್, ಕ್ರೂಪೆಲ್ ಇವೆಲ್ಲ ಕೆಲವೇ ಗಂಟೆಗಳಲ್ಲಿ ಆ ಜಾಗಗಳಿಂದ ಮಾಯವಾಗುತ್ತವೆ. ಆದರೆ ಇಲ್ಲಿ ರೆಕ್ಕೆ, ಇಲ್ಲಿ ಕಾಲು ಅನ್ನುವ ತೀರ್ಮಾನ ನೊಣ ದೊಡ್ಡದಾಗುವವರೆಗೂ ಉಳಿಯುತ್ತದೆ, ಹತ್ತು ದಿನ. ಯಾರು ನೆನಪಿಟ್ಟುಕೊಳ್ಳುತ್ತಾರೆ?

---

ಹಳೇ_ಹಾಕ್ಸ್

ನೆನಪಿನ ಪ್ರಶ್ನೆ ನಾನು ತೆಗೆದುಕೊಳ್ಳುತ್ತೇನೆ. ಪಾಲಿಕೋಂಬ್ ಮತ್ತು ಟ್ರೈಥೊರ‍್ಯಾಕ್ಸ್ ಗುಂಪಿನ ಪ್ರೋಟೀನ್‌ಗಳು. ಮೊದಲನೆಯವು ಮುಚ್ಚಿದ ಜೀನನ್ನು ಮುಚ್ಚಿಯೇ ಇಡುತ್ತವೆ, ಎರಡನೆಯವು ತೆರೆದದ್ದನ್ನು ತೆರೆದೇ ಇಡುತ್ತವೆ.

ಗಂಡು ನೊಣದ ಮೊದಲ ಜೋಡಿ ಕಾಲಿನ ಮೇಲೆ ಮಾತ್ರ ಕಪ್ಪು ಮುಳ್ಳುಗಳ ಒಂದು ಸಣ್ಣ ಸಾಲು ಇರುತ್ತದೆ. ಪಾಲಿಕೋಂಬ್ ಜೀನ್‌ನ ಒಂದು ಪ್ರತಿ ಕೆಟ್ಟಿರುವ ಗಂಡಿನಲ್ಲಿ ಅದು ಎರಡನೇ, ಮೂರನೇ ಜೋಡಿ ಕಾಲಿನ ಮೇಲೂ ಕಾಣುತ್ತದೆ. ಪ್ಯಾಮ್ ಲೂಯಿಸ್ 1940ರ ದಶಕದಲ್ಲಿ ಕಂಡದ್ದು ಇದನ್ನೇ. ಹಿಂದಿನ ಕಾಲು ತಾನು ಮುಂದಿನ ಕಾಲು ಅಂದುಕೊಂಡಿದೆ, ಯಾಕೆಂದರೆ ಅಲ್ಲಿ ಮುಚ್ಚಿರಬೇಕಿದ್ದ ಹಾಕ್ಸ್ ಜೀನ್ ತೆರೆದುಕೊಂಡಿದೆ. ಗಮನಿಸಿ, ಶುರುವಿನಲ್ಲಿ ತೀರ್ಮಾನ ಸರಿಯಾಗಿಯೇ ಆಗಿರುತ್ತದೆ. ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

ಕೆಲಸ ನಡೆಯುವುದು ಹೀಗೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್ ಎಚ್3ರಲ್ಲಿ 27ನೇ ಜಾಗದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಇದೆ. ಮುಚ್ಚಿದ ಜೀನ್‌ಗಳ ಮೇಲೆ ಪಾಲಿಕೋಂಬ್ ಗುಂಪಿನ ಒಂದು ಕಿಣ್ವ ಆ ಲೈಸಿನ್‌ಗೆ ಮೂರು ಮಿಥೈಲ್ (ಒಂದು ಸಣ್ಣ ರಾಸಾಯನಿಕ ಗುಂಪು) ಗುರುತಾಗಿ ಅಂಟಿಸುತ್ತದೆ. ಕೋಶ ಒಡೆದಾಗ ಹಳೆಯ ಹಿಸ್ಟೋನ್‌ಗಳು ಎರಡೂ ಮರಿಕೋಶಗಳಿಗೆ ಹಂಚಿಹೋಗುತ್ತವೆ, ಗುರುತೂ ಹೋಗುತ್ತದೆ, ಕಿಣ್ವ ಬಂದು ಖಾಲಿ ಜಾಗ ತುಂಬುತ್ತದೆ. ಇದು ಬರೀ ಜೊತೆಗಿರುವ ಗುರುತೋ ಅಥವಾ ನಿಜವಾಗಿ ಕೆಲಸ ಮಾಡುತ್ತದೋ ಅಂತ ಬಹಳ ಕಾಲ ವಾದ ಇತ್ತು. ನೊಣದಲ್ಲಿ ಹಿಸ್ಟೋನ್ ಜೀನ್‌ಗಳ ಸುಮಾರು ನೂರು ಪ್ರತಿ ಒಂದೇ ಕಡೆ ಗುಂಪಾಗಿವೆ, ಅಷ್ಟನ್ನೂ ತೆಗೆದು ಹೊಸದು ಹಾಕಬಹುದು. 2013ರಲ್ಲಿ 27ನೇ ಲೈಸಿನ್ ಬದಲು ಆ ಗುರುತು ಅಂಟದ ಅರ್ಜಿನಿನ್ ಇರುವ ಎಚ್3 ಹಾಕಿ ನೋಡಿದರು. ಆ ಕೋಶಗಳು ಪಾಲಿಕೋಂಬ್ ಇಲ್ಲದ ಕೋಶಗಳ ತರಹವೇ ನಡೆದುಕೊಂಡವು. ಗುರುತು ಬೇಕೇ ಬೇಕು ಅಂತ ಗೊತ್ತಾಯಿತು.

ಆದರೆ ಗುರುತೊಂದೇ ಸಾಲದು. ಪಾಲಿಕೋಂಬ್ ಗುಂಪು ಬಂದು ಕೂರಲು ಡಿಎನ್‌ಎಯಲ್ಲಿ ನಿಗದಿಯಾದ ತುಂಡುಗಳಿವೆ. 2017ರಲ್ಲಿ ಬೆಳೆಯುತ್ತಿರುವ ಅಂಗದ ಕೋಶಗಳಲ್ಲಿ ಆ ತುಂಡನ್ನು ಕತ್ತರಿಸಿ ತೆಗೆದಾಗ, ಮಿಥೈಲ್ ಗುರುತು ತಕ್ಷಣ ಹೋಗಲಿಲ್ಲ, ಪ್ರತಿ ಒಡೆತಕ್ಕೂ ತೆಳುವಾಗುತ್ತಾ ಹೋಗಿ ಕೊನೆಗೆ ಜೀನ್ ತೆರೆದುಕೊಂಡಿತು. ಅಂದರೆ ನೆನಪು ಹಿಸ್ಟೋನ್ ಮೇಲೂ ಇದೆ, ಅದನ್ನು ಮತ್ತೆ ಮತ್ತೆ ಬರೆಯುವ ವಿಳಾಸ ಡಿಎನ್‌ಎಯಲ್ಲೂ ಇದೆ.

---

ಕ್ನಿರ್ಪ್ಸ್_ಅಭಿಮಾನಿ

ಉಳಿದ ಪ್ರಶ್ನೆಗೆ ನಾನು. ಅಲೆ ಅಲೆಯಾಗಿ ಪಟ್ಟೆ ಮಾಡುವ ಪ್ರಾಣಿಗಳು ಇವೆ. ನೀವು, ನಾನು, ಕೋಳಿ ಭ್ರೂಣ ಎಲ್ಲರಲ್ಲೂ ಬೆನ್ನಿನ ತುಂಡುಗಳು ಒಂದರ ಹಿಂದೆ ಒಂದು ಬರುತ್ತವೆ, ಒಳಗೆ ಗಡಿಯಾರದಂತೆ ಆನ್-ಆಫ್ ಆಗುವ ಜೀನ್‌ಗಳಿವೆ. 1997ರಲ್ಲಿ ಕೋಳಿಯಲ್ಲಿ ಮೊದಲು ಕಂಡದ್ದು ಹೇರಿಯ ಸಂಬಂಧಿ ಜೀನ್‌ನಲ್ಲೇ. ಟ್ರೈಬೋಲಿಯಂ ಎಂಬ ಹಿಟ್ಟಿನ ದುಂಬಿ ಕೂಡ ಹಿಂದಿನ ತುದಿಯಿಂದ ಬೆಳೆಯುತ್ತಾ, ಆನ್-ಆಫ್ ಆಗುತ್ತಾ ಪಟ್ಟೆಗಳನ್ನು ಒಂದೊಂದಾಗಿ ಮಾಡುತ್ತದೆ. 2012ರಲ್ಲಿ ಅದನ್ನು ತೋರಿಸಿದರು.

ಆ ದುಂಬಿಯಲ್ಲಿ ಬೈಕಾಯ್ಡ್ ಇಲ್ಲವೇ ಇಲ್ಲ. ಬೈಕಾಯ್ಡ್ ಹೊಸಬ, ನೊಣಗಳ ಒಂದು ಕವಲಿನಲ್ಲಿ ಮಾತ್ರ ಇದೆ, ಝೆನ್ ಎಂಬ ಜೀನ್‌ನ ಪ್ರತಿಯೊಂದು ಬೇರೆ ದಾರಿ ಹಿಡಿದು ಆದದ್ದು. ಹಣ್ಣಿನ ನೊಣ ಎಲ್ಲ ಪಟ್ಟೆಗಳನ್ನೂ ಇಡೀ ಉದ್ದಕ್ಕೆ ಹೆಚ್ಚುಕಡಿಮೆ ಒಟ್ಟಿಗೆ ಮಾಡಿ ಮುಗಿಸುತ್ತದೆ. ಮೊಟ್ಟೆಯಿಂದ ಮರಿ ಹೊರಬರಲು ಒಂದೇ ದಿನ ಸಾಕು. ಅಲೆಗಳಿಗೆ ಕಾಯುವುದಿಲ್ಲ ಅಂದಮೇಲೆ ಪ್ರತಿ ಜಾಗಕ್ಕೂ ಅಲ್ಲಿರುವ ಪ್ರೋಟೀನ್‌ಗಳನ್ನು ಓದುವ ತುಂಡು ಬೇಕಾಗುತ್ತದೆ. ನೋಡಲು ಅಂದವಿಲ್ಲ, ಕೆಲಸ ಆಗುತ್ತದೆ.

---

ಪಟ್ಟೆ_ಎಣಿಕೆ

ಆ 12 ಜಾಗಗಳನ್ನು ಬಾಯಿಪಾಠ ಮಾಡಬೇಡಿ ಅಂತ ಹೇಳಲು ಮತ್ತೆ ಬಂದೆ. ಅದೇ ಕುಲದ ಇನ್ನೊಂದು ನೊಣ, ಡ್ರೊಸೊಫಿಲಾ ಸ್ಯೂಡೋಆಬ್‌ಸ್ಕ್ಯೂರಾ. ಅದರ ಎರಡನೇ ಪಟ್ಟೆಯ ಎನ್‌ಹ್ಯಾನ್ಸರ್‌ನಲ್ಲಿ ಪ್ರೋಟೀನ್ ಕೂರುವ ಜಾಗಗಳು ಬದಲಾಗಿವೆ, ಅವುಗಳ ನಡುವಿನ ಅಂತರವೂ ಬೇರೆ. ಆದರೂ ಅದನ್ನು ತಂದು ನಾವು ಇಲ್ಲಿಯವರೆಗೆ ಮಾತಾಡಿದ ಹಣ್ಣಿನ ನೊಣದ (ಡ್ರೊಸೊಫಿಲಾ ಮೆಲನೊಗ್ಯಾಸ್ಟರ್) ಭ್ರೂಣದಲ್ಲಿ ಹಾಕಿದರೆ ಪಟ್ಟೆ ಸರಿಯಾದ ಜಾಗಕ್ಕೇ ಬರುತ್ತದೆ. 2000ರಲ್ಲಿ ಲುಡ್ವಿಗ್, ಕ್ರೈಟ್‌ಮನ್ ಮತ್ತಿತರರು ಒಂದು ತುಂಟ ಪ್ರಯೋಗ ಮಾಡಿದರು: ಒಂದು ಜಾತಿಯ ಎನ್‌ಹ್ಯಾನ್ಸರ್‌ನ ಮೊದಲರ್ಧ, ಇನ್ನೊಂದರ ಎರಡನೇ ಅರ್ಧ, ಎರಡನ್ನೂ ಜೋಡಿಸಿದರು. ಪಟ್ಟೆ ಕೆಟ್ಟಿತು.

ಅಂದರೆ ಎರಡು ಜಾತಿಗಳು ಬೇರೆಯಾದ ಮೇಲೆ ಒಂದು ಕಡೆ ಆದ ಬದಲಾವಣೆಯನ್ನು ಅದೇ ತುಂಡಿನ ಇನ್ನೊಂದು ಕಡೆಯ ಬದಲಾವಣೆ ಸರಿದೂಗಿಸಿದೆ. ಪಟ್ಟೆ ಹಾಗೇ ಉಳಿದಿದೆ, ಅದನ್ನು ಬರೆಯುವ ಡಿಎನ್‌ಎ ಮಾತ್ರ ಸುಮ್ನೆ ಕೂತಿಲ್ಲ. ಆದ್ದರಿಂದ ಪರೀಕ್ಷೆಗೆ ಓದುತ್ತಿದ್ದರೆ ಯಾರು ಯಾರನ್ನು ತಡೆಯುತ್ತಾರೆ, ಭ್ರೂಣದಲ್ಲಿ ಯಾರು ಎಲ್ಲಿದ್ದಾರೆ, ಅದನ್ನು ಓದಿಕೊಳ್ಳಿ.